ಚೆಂಡಿಗೆ ಚೆಂಡು ತಾಗಿದಾಗ ಕಂಡದ್ದೇನು?

ಬಿಲಿಯರ್ಡ್ಸ್ ಮೇಜಿನ ಮೇಲೆ ಒಂದು ಚೆಂಡು ಉರುಳಿ ಬಂದು ಇನ್ನೊಂದಕ್ಕೆ ತಾಗುತ್ತದೆ. ಎರಡನೆಯದು ಓಡುತ್ತದೆ. ಮೊದಲನೆಯದೇ ಅದನ್ನು ಓಡಿಸಿತು ಎಂದು ನೋಡಿದವರೆಲ್ಲ ಹೇಳುತ್ತಾರೆ. ಆದರೆ ಹಾಗೆ ಓಡಿಸಿದ್ದು ಯಾರ ಕಣ್ಣಿಗೆ ಬಿದ್ದಿದೆ? ಒಂದರ ಚಲನೆ ಕಂಡಿತು, ತಾಗಿದ್ದು ಕಂಡಿತು, ಇನ್ನೊಂದರ ಚಲನೆ ಕಂಡಿತು. ಇವನ್ನು ಬೆಸೆಯುವ ಬಲ ಮಾತ್ರ ಕಾಣಲಿಲ್ಲ ಎಂದ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್.

1739ರಲ್ಲಿ, ಇನ್ನೂ 27ರ ಹರೆಯದಲ್ಲಿ, ಮಾನವ ಸ್ವಭಾವದ ಕುರಿತು ಅವನು ಪ್ರಕಟಿಸಿದ ಗ್ರಂಥದ ಉಪಶೀರ್ಷಿಕೆಯೇ ಅವನ ಹಂಬಲವನ್ನು ಹೇಳುತ್ತದೆ: ಪ್ರಯೋಗದ ವಿಧಾನವನ್ನು ಮನುಷ್ಯನ ವಿಷಯಗಳಿಗೂ ತರುವುದು. ಜ್ಞಾನ ಹೇಗೆ ಹುಟ್ಟುತ್ತದೆ ಎಂಬುದನ್ನು ಅವನು ಮನಸ್ಸಿನ ಕೆಲಸವನ್ನು ಗಮನಿಸಿಯೇ ತಿಳಿಯಹೊರಟ.

ನಾಳೆ ಸೂರ್ಯ ಹುಟ್ಟುತ್ತಾನೆಂದು ನಂಬಲು ಆಧಾರವೇನು? ಇದುವರೆಗೆ ಹುಟ್ಟಿದ್ದಾನೆ. ಆದರೆ ಇದುವರೆಗೆ ನಡೆದಂತೆಯೇ ಮುಂದೂ ನಡೆಯುತ್ತದೆ ಎನ್ನಲು ಮತ್ತೆ ಹಿಂದಿನ ಅನುಭವವನ್ನೇ ಸಾಕ್ಷಿಗೆ ಕರೆಯಬೇಕು. ತರ್ಕ ಅಲ್ಲೇ ಸುತ್ತುತ್ತದೆ. ಹ್ಯೂಮ್ ಕೊಟ್ಟ ಉತ್ತರ ಒಂದೇ ಪದದ್ದು: ಅಭ್ಯಾಸ. ಎರಡು ಘಟನೆಗಳನ್ನು ಜೊತೆಜೊತೆಯಾಗಿ ಮತ್ತೆ ಮತ್ತೆ ಕಂಡ ಮನಸ್ಸು, ಒಂದನ್ನು ಕಂಡೊಡನೆ ಇನ್ನೊಂದನ್ನು ನಿರೀಕ್ಷಿಸುತ್ತದೆ. ಆ ಒಳಗಿನ ಒತ್ತಡವನ್ನೇ ನಾವು ಹೊರಗಿನ ವಸ್ತುಗಳಿಗೆ ಆರೋಪಿಸುತ್ತೇವೆ. ತನ್ನನ್ನು ನಿದ್ದೆಯಿಂದ ಎಬ್ಬಿಸಿದವನು ಹ್ಯೂಮ್ ಎಂದು ಜರ್ಮನಿಯ ತತ್ತ್ವಜ್ಞಾನಿ ಕಾಂಟ್ 1783ರಲ್ಲಿ ಬರೆದದ್ದು ಸುಮ್ಮನೆ ಅಲ್ಲ.

ಈ ಉತ್ತರವನ್ನು ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಬಹುದು. ಹ್ಯೂಮ್‌ನ ದೊಡ್ಡತನ ಇರುವುದೇ ಅಲ್ಲಿ. ಬೆಲ್ಜಿಯಂನ ಮನೋವಿಜ್ಞಾನಿ ಆಲ್ಬರ್ಟ್ ಮಿಶೋಟ್ 1946ರ ತಮ್ಮ ಪುಸ್ತಕದಲ್ಲಿ ವಿವರಿಸಿದ ಪ್ರಯೋಗಗಳಲ್ಲಿ ಒಂದು ಆಕೃತಿ ಚಲಿಸಿ ಇನ್ನೊಂದನ್ನು ಮುಟ್ಟುತ್ತಿತ್ತು, ಅದು ತಕ್ಷಣ ಹೊರಡುತ್ತಿತ್ತು. ಅವು ನಿಜವಾದ ವಸ್ತುಗಳೇ ಅಲ್ಲ, ನಡುವೆ ಯಾವ ಬಲವೂ ಇರಲಿಲ್ಲ. ಆದರೂ ನೋಡಿದವರಿಗೆ ಒಂದು ಇನ್ನೊಂದನ್ನು ತಳ್ಳಿದಂತೆಯೇ ಕಂಡಿತು. ಮುಟ್ಟಿದ ಮೇಲೆ ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡವಾದರೆ ಸಾಕು, ತಳ್ಳಿದ ಭಾವ ಮಾಯ. ಉಳಿಯುವುದು ಸಂಬಂಧವಿಲ್ಲದ ಎರಡು ಚಲನೆಗಳು.

ಇಲ್ಲಿ ಹ್ಯೂಮ್ ಗೆದ್ದೂ ಇದ್ದಾನೆ, ಸೋತೂ ಇದ್ದಾನೆ. ಕಾರಣದ ಭಾವವನ್ನು ಮನಸ್ಸೇ ಕೂಡಿಸುತ್ತದೆ ಎಂಬುದು ನಿಂತಿತು. ಆದರೆ ಆ ಭಾವ ನೋಡಿದೊಡನೆ ಮೂಡಿದ್ದರಿಂದ, ಅದಕ್ಕೆ ಮತ್ತೆ ಮತ್ತೆ ಆದ ಅನುಭವ ಬೇಕೆಂಬುದು ಅಲುಗಾಡಿತು. ಈ ಭಾವ ಹುಟ್ಟಿನಿಂದಲೇ ಬಂದದ್ದೆಂದು ಮಿಶೋಟ್ ನಂಬಿದ್ದರು.

ಹುಟ್ಟಿನಿಂದ ಬಂದದ್ದಾದರೆ ಅದು ಶಿಶುಗಳಲ್ಲೂ ಕಾಣಬೇಕು. 1987ರಲ್ಲಿ ಸಂಶೋಧಕರಾದ ಅಲನ್ ಲೆಸ್ಲಿ ಮತ್ತು ಸ್ಟೆಫನಿ ಕೀಬಲ್ ಸುಮಾರು ಆರು ತಿಂಗಳ ಶಿಶುಗಳಿಗೆ ಇಂಥದೇ ಚಿತ್ರಗಳನ್ನು ತೋರಿಸಿ, ಆಮೇಲೆ ಅವನ್ನೇ ಹಿಂದುಮುಂದಾಗಿ ಓಡಿಸಿದರು. ತಳ್ಳಿದಂತೆ ಕಾಣುವ ಚಿತ್ರ ತಿರುಗಿದಾಗ, ತಡವಾಗಿ ಹೊರಡುವ ಚಿತ್ರ ತಿರುಗಿದಾಗ ನೋಡಿದ್ದಕ್ಕಿಂತ ಶಿಶುಗಳು ಹೆಚ್ಚು ಹೊತ್ತು ನೋಡಿದವು. ತಳ್ಳಿದ್ದು ಯಾವುದು, ತಳ್ಳಿಸಿಕೊಂಡದ್ದು ಯಾವುದು ಎಂಬ ವ್ಯತ್ಯಾಸ ಅವಕ್ಕೆ ತಟ್ಟಿತ್ತೆಂದು ಸಂಶೋಧಕರು ತರ್ಕಿಸಿದರು. ಆದರೆ ಆರು ತಿಂಗಳೆಂದರೆ ಮಗು ಆಗಲೇ ಗಿಲಕಿ ಅಲ್ಲಾಡಿಸಿದೆ, ಹೊದಿಕೆ ಒದ್ದಿದೆ, ಎಷ್ಟೋ ವಸ್ತುಗಳನ್ನು ದೂಡಿದೆ. ಅಷ್ಟರಲ್ಲಿ ಅಭ್ಯಾಸ ಎಷ್ಟು ಕಲಿಸಿರಬಹುದು ಎಂಬ ವಾದ ಇನ್ನೂ ಮುಗಿದಿಲ್ಲ.