ಮೈ ನೋಡಬೇಡಿ, ಅಂಚು ನೋಡಿ

ಗೋವಿಂದರಾಜನಗರದಿಂದ ಮಾಗಡಿ ರಸ್ತೆಗೆ ಇಳಿದು ಕಾಮಾಕ್ಷಿಪಾಳ್ಯದ ಕಡೆ ಹೋದರೆ ಪ್ಲೈವುಡ್ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಬಡಗಿಗಳ ಶೆಡ್ಡುಗಳು ಒಂದರ ಪಕ್ಕ ಒಂದು ಸಿಗುತ್ತವೆ. ಗೃಹಪ್ರವೇಶಕ್ಕೆ ದಿನ ಗೊತ್ತುಮಾಡಿಕೊಂಡವರು ಇಲ್ಲಿಗೆ ಬಂದು ಮೊದಲು ಕೈಗೆತ್ತಿಕೊಳ್ಳುವುದು ಬಣ್ಣಗಳ ಕೆಟಲಾಗು. ತೇಗದ ಗೆರೆ, ವಾಲ್‌ನಟ್‌ನ ಕಂದು, ಅಮೃತಶಿಲೆಯ ಬಿಳುಪು, ಏನು ಬೇಕಾದರೂ ಇದೆ. ಆದರೆ ಆ ಪುಟಗಳಲ್ಲಿ ತೇಗವೂ ಇಲ್ಲ, ಅಮೃತಶಿಲೆಯೂ ಇಲ್ಲ. ಇರುವುದೆಲ್ಲ ಮುದ್ರಿಸಿದ ಕಾಗದ. ಮನೆಗೆ ಬರುವ ವಾರ್ಡ್‌ರೋಬು ಹತ್ತು ವರ್ಷ ಬಾಳುತ್ತದೋ ಎರಡೇ ಮಳೆಗಾಲಕ್ಕೆ ಉಬ್ಬುತ್ತದೋ ಎಂಬುದು ಆ ಕಾಗದದ ಅಂದವನ್ನು ಅವಲಂಬಿಸಿಲ್ಲ. ಅದರ ಕೆಳಗಿನ ಹಲಗೆ, ಅಂಟು ಮತ್ತು ಅಂಚು ಅದನ್ನು ತೀರ್ಮಾನಿಸುತ್ತವೆ.

ಕಾಗದ ಹಲಗೆಯಾಗುವ ಬಗೆ

ಮರದ ಮೈಗೆ ಅಲಂಕಾರದ ಹೊದಿಕೆ ಕೊಡುವುದು ನಮಗೆ ಹೊಸದಲ್ಲ. ಚನ್ನಪಟ್ಟಣದವರು ಹಾಲೆಮರದ ಬೊಂಬೆಗೆ ಅರಗು ಹಚ್ಚಿದರು, ಮೈಸೂರಿನವರು ಬೀಟೆಯ ಹಲಗೆಯಲ್ಲಿ ಚಿತ್ತಾರ ಕೂರಿಸಿದರು. ಕಾರ್ಖಾನೆಯ ಹೊದಿಕೆ ಬೇರೆ ದಾರಿಯಲ್ಲಿ ಬಂತು. 1912ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಇಬ್ಬರು ಎಂಜಿನಿಯರುಗಳು ವಿದ್ಯುತ್ ನಿರೋಧಕಕ್ಕೆಂದು ರಾಳ ಸೇರಿಸಿ ಒತ್ತಿದ ಹಾಳೆಯನ್ನು ರೂಪಿಸಿದರು. ಮುಂದೆ ಅದೇ ಫಾರ್ಮೈಕಾ ಎಂದು ಅಡುಗೆಮನೆಯ ಕಟ್ಟೆ ಏರಿತು. ನಮ್ಮ ಬಡಗಿಗಳು ಇಂದಿಗೂ ಯಾವ ಕಂಪನಿಯ ಹಾಳೆಯನ್ನಾದರೂ 'ಸನ್‌ಮೈಕಾ' ಅಂತಲೇ ಕರೆಯುತ್ತಾರೆ. ಅದನ್ನು ಪ್ಲೈವುಡ್ ಮೇಲೆ ಫೆವಿಕಾಲ್ ಹಾಕಿ ಅಂಟಿಸಿ, ಭಾರ ಹೇರಿ ಒಣಗಲು ಬಿಡುವುದು ಸೈಟಿನಲ್ಲಿ ನಡೆಯುವ ಕೆಲಸ.

ಕಾರ್ಖಾನೆಯಲ್ಲೇ ಹೊದಿಕೆ ಬಿದ್ದು ಬರುವ ಹಲಗೆಗೆ ಅಂಗಡಿಯ ಭಾಷೆಯಲ್ಲಿ 'ಪ್ರಿಲ್ಯಾಮ್' ಎಂದು ಹೆಸರು. ಮರದ ಚೂರು ಅಥವಾ ನಾರನ್ನು ಒಣಗಿಸಿ, ಅಂಟು ಬೆರೆಸಿ, ಹಾಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿದರೆ ಪಾರ್ಟಿಕಲ್ ಬೋರ್ಡ್ ಇಲ್ಲವೇ ಎಂಡಿಎಫ್ ಸಿಗುತ್ತದೆ. ಅದರ ಎರಡೂ ಮೈಯನ್ನು ಉಜ್ಜಿ ಒಂದೇ ದಪ್ಪಕ್ಕೆ ತರುತ್ತಾರೆ. ಇನ್ನೊಂದು ಕಡೆ, ಮುದ್ರಿಸಿದ ಕಾಗದವನ್ನು ಮೆಲಮೈನ್ ರಾಳದಲ್ಲಿ ಅದ್ದಿ ಅರೆಬರೆ ಒಣಗಿಸಿ ಇಟ್ಟಿರುತ್ತಾರೆ. ಹಲಗೆಯ ಮೇಲೊಂದು ಕಾಗದ, ಕೆಳಗೊಂದು ಕಾಗದ ಇಟ್ಟು, ಉಕ್ಕಿನ ತಗಡುಗಳ ನಡುವೆ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಒತ್ತಿದರೆ ಸಾಕು. ರಾಳ ಕರಗಿ ಹರಿದು ಗಟ್ಟಿಯಾಗುತ್ತದೆ, ಕಾಗದ ಹಲಗೆಗೆ ಕಚ್ಚಿಕೊಳ್ಳುತ್ತದೆ. ಬೇರೆ ಅಂಟಿನ ಅಗತ್ಯವೇ ಇಲ್ಲ. ಮುಟ್ಟಿದರೆ ಮರದ ಗೀರು ಕೈಗೆ ಹತ್ತುವಂತೆ ಕಾಣುವುದು ಆ ಉಕ್ಕಿನ ತಗಡಿನ ಮೇಲೆ ಕೊರೆದ ವಿನ್ಯಾಸ.

ಎಲ್ಲಿ ಕೆಡುತ್ತದೆ?

ಆ ಒಂದು ನಿಮಿಷದಲ್ಲಿ ಕೆಡಲು ದಾರಿಗಳು ಹಲವು. ಶಾಖ ಕಡಿಮೆಯಾದರೆ ರಾಳ ಪೂರ್ತಿ ಪಕ್ವವಾಗದೆ ಕಲೆ ಹೀರುವ ಮೈ ಉಳಿಯುತ್ತದೆ. ಹೆಚ್ಚಾದರೆ ಮೈ ಪೆಡಸಾಗಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಹಲಗೆಯಲ್ಲಿ ತೇವ ಉಳಿದಿದ್ದರೆ ಆವಿ ಹೊರಬರಲಾರದೆ ಗುಳ್ಳೆ ಏಳುತ್ತದೆ. ಮೇಲ್ಪದರದ ಚೂರು ದಪ್ಪಗಿದ್ದರೆ ಅದರ ಉಬ್ಬುತಗ್ಗು ಕಾಗದದ ಮೇಲೂ ಮೂಡುತ್ತದೆ. ಹಾಗಾಗಿ ಒಳ್ಳೆಯ ಪಾರ್ಟಿಕಲ್ ಬೋರ್ಡಿನಲ್ಲಿ ದಪ್ಪ ಚೂರು ನಡುವೆ, ನುಣುಪು ಚೂರು ಎರಡು ಹೊರಪದರಗಳಲ್ಲಿ ಇರುತ್ತದೆ. ಒಂದೇ ಬದಿಗೆ ಹೊದಿಕೆ ಹಾಕಿದರೆ ಹಲಗೆ ಬಾಗುತ್ತದೆ. ಕಪಾಟಿನ ಬಾಗಿಲು ಸೊಟ್ಟಗಾಗುವುದಕ್ಕೆ ಎಷ್ಟೋ ಸಲ ಹಿಂಬದಿಯ ಕಾಗದದ ಖರ್ಚು ಉಳಿಸಲು ಹೋದದ್ದೇ ಕಾರಣ.

ನಂತರ ಅಂಚಿನ ಸರದಿ. ಹಲಗೆಯ ಮೈ ನೀರನ್ನು ತಡೆಯುತ್ತದೆ, ಕೊಯ್ದ ಅಂಚು ತಡೆಯುವುದಿಲ್ಲ. ಸಾಮಾನ್ಯ ಹಲಗೆಯಲ್ಲಿರುವ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಅಗ್ಗ, ಬೇಗ ಗಟ್ಟಿಯಾಗುತ್ತದೆ, ಆದರೆ ನೀರಿಗೆ ಸೋಲುತ್ತದೆ. ಸಿಂಕಿನ ಕೆಳಗೆ ಸೋರಿದ ನೀರು ಅಂಚಿನಿಂದ ಒಳಹೊಕ್ಕರೆ ಚೂರುಗಳು ಉಬ್ಬಿ, ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಮರಳುವುದಿಲ್ಲ. ಅಂಟಿಗೆ ಮೆಲಮೈನ್ ಸೇರಿಸಿದರೆ ತಡೆಯುವ ಶಕ್ತಿ ಹೆಚ್ಚುತ್ತದೆ. ಫೀನಾಲಿಕ್ ಅಂಟಿನ ಪ್ಲೈವುಡ್ಡು ಕುದಿಯುವ ನೀರಿನ ಪರೀಕ್ಷೆಯನ್ನೂ ದಾಟುತ್ತದೆ.

ತುಮಕೂರು ರಸ್ತೆಯ ಪ್ರಯೋಗಾಲಯ

ಈ ತೊಡಕುಗಳನ್ನೇ ಕಸುಬು ಮಾಡಿಕೊಂಡ ಸಂಸ್ಥೆ ಪಶ್ಚಿಮ ಬೆಂಗಳೂರಿನವರಿಗೆ ದೂರವೇನಲ್ಲ. ಯಶವಂತಪುರ ದಾಟಿ ತುಮಕೂರು ರಸ್ತೆಯಲ್ಲಿರುವ ಭಾರತೀಯ ಪ್ಲೈವುಡ್ ಉದ್ಯಮಗಳ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 'ಇಪಿರ್ಟಿ' ಎಂದೇ ಪರಿಚಿತ. ಪ್ಲೈವುಡ್ ಉದ್ಯಮ ತನ್ನದೇ ಸಹಕಾರದ ಸಂಶೋಧನೆಗಾಗಿ 1962ರಲ್ಲಿ ಆರಂಭಿಸಿದ ಪ್ರಯತ್ನ ಇದು. ಕೇಂದ್ರ ಪರಿಸರ ಮತ್ತು ಅರಣ್ಯ ಸಚಿವಾಲಯದಡಿ ಬೆಳೆದು, ಈಚಿನ ವರ್ಷಗಳಲ್ಲಿ ಭಾರತೀಯ ಅರಣ್ಯ ಸಂಶೋಧನೆ ಮತ್ತು ಶಿಕ್ಷಣ ಪರಿಷತ್ತಿನ ತೆಕ್ಕೆಗೆ ಸೇರಿದೆ. ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯೂ ಅದೇ ಪರಿಷತ್ತಿನದು. ಮೈಸೂರು ಸರ್ಕಾರ 1938ರಲ್ಲಿ ತೆರೆದ ಅರಣ್ಯ ಸಂಶೋಧನಾಲಯ ಅದರ ಮೂಲ.

ಇಪಿರ್ಟಿಯಲ್ಲಿ ಹಲಗೆಗಳ ಪರೀಕ್ಷೆ ನಡೆಯುತ್ತದೆ, ಕಾರ್ಖಾನೆಗಳಿಗೆ ತಂತ್ರಜ್ಞರನ್ನು ತಯಾರು ಮಾಡುವ ಸ್ನಾತಕೋತ್ತರ ಡಿಪ್ಲೊಮಾ ಕೂಡ ಇಲ್ಲಿ ಬೆಳೆದದ್ದು. ಬಿದಿರಿನ ಚಾಪೆಗೆ ರಾಳ ಉಣಿಸಿ ಒತ್ತಿದ ಹಲಗೆ, ಅದೇ ಚಾಪೆಯಿಂದ ಮಾಡಿದ ಚಾವಣಿಯ ಅಲೆಹಾಳೆ ಇಲ್ಲಿನ ಹೆಸರಾದ ಸಾಧನೆಗಳು. ಅಂಟಿನಲ್ಲಿ ಪೆಟ್ರೋಲಿಯಂ ಮೂಲದ ಫೀನಾಲನ್ನು ತಗ್ಗಿಸಿ ಲಿಗ್ನಿನ್ ಮತ್ತು ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಸುವ ಪ್ರಯತ್ನಗಳೂ ನಡೆದಿವೆ. ಕರಾವಳಿಯ ಗೇರು ಕಾರ್ಖಾನೆಯ ಉಳಿಕೆ ಹಲಗೆಯ ಅಂಟಾಗಬಲ್ಲದು ಎಂಬುದು ಕನ್ನಡ ನಾಡಿಗೆ ಹತ್ತಿರದ ವಿಚಾರ.

ಅಂಟಿನ ಮಾತು ಆರೋಗ್ಯದ ಮಾತೂ ಹೌದು. ಹೊಸ ಕಪಾಟು ತೆರೆದಾಗ ಕಣ್ಣು ಉರಿಸುವ ವಾಸನೆಯಲ್ಲಿ ಫಾರ್ಮಾಲ್ಡಿಹೈಡ್ ಅನಿಲದ ಪಾಲಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅದನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. 'ಇ1' ದರ್ಜೆಯೆಂದರೆ 100 ಗ್ರಾಂ ಒಣ ಹಲಗೆಯಲ್ಲಿ ಈ ಅನಿಲ 8 ಮಿಲಿಗ್ರಾಂ ದಾಟಬಾರದು. ಹೊದಿಕೆ ಚೆನ್ನಾಗಿ ಕೂತು, ಅಂಚು ಪೂರ್ತಿ ಮುಚ್ಚಿದ್ದರೆ ಅನಿಲ ಹೊರಬರುವುದೂ ತಗ್ಗುತ್ತದೆ.

ಮರದ ಮೂಲವೂ ಬದಲಾಗಿದೆ. 1996ರ ಡಿಸೆಂಬರಿನಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶ ಕಾಡಿನ ಮರದ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತು. ಅಂದಿನಿಂದ ಉದ್ಯಮ ತೋಟದ ಮರದ ಕಡೆ ಹೊರಳಿತು. ನಮ್ಮಲ್ಲಿ ನೀಲಗಿರಿ ಮರ, ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ಸಿಲ್ವರ್ ಓಕ್, ಬಯಲುಸೀಮೆಯ ರೈತರು ನೆಡುತ್ತಿರುವ ಹೆಬ್ಬೇವು ಹೀಗೆ ಹಲಗೆಯಾಗುತ್ತಿವೆ. ಬೇಗ ಬೆಳೆದ ಮರ ಹಗುರ, ಅದರ ಗುಣ ದಿಮ್ಮಿಯಿಂದ ದಿಮ್ಮಿಗೆ ಬದಲಾಗುತ್ತದೆ. ಇಂಥ ಮರದಿಂದ ಸಮನಾದ ಹಲಗೆ ತೆಗೆಯಬೇಕಾದರೆ ಒಣಗಿಸುವುದರಲ್ಲಿ, ಅಂಟು ಹದಮಾಡುವುದರಲ್ಲಿ ಹೆಚ್ಚು ಎಚ್ಚರ ಬೇಕು.

ಶೆಡ್ಡಿನಲ್ಲಿ ಉಳಿದ ಅರ್ಧ ಕೆಲಸ

ಕಾರ್ಖಾನೆ ಎಷ್ಟು ಸುಧಾರಿಸಿದರೂ ಎಂಟಡಿ ನಾಲ್ಕಡಿಯ ಹಲಗೆ ಕಾಮಾಕ್ಷಿಪಾಳ್ಯದ ಶೆಡ್ಡಿಗೆ ಬಂದ ಮೇಲೆ ಅರ್ಧ ಕೆಲಸ ಉಳಿದೇ ಇರುತ್ತದೆ. ಕೈಗರಗಸದ ಮೆಷಿನ್ನಿನಲ್ಲಿ ಕೊಯ್ದರೆ ಮೆಲಮೈನ್ ಮೈ ಚಕ್ಕೆ ಏಳುತ್ತದೆ. ಪ್ಯಾನೆಲ್ ಸಾ ಮೆಷಿನ್ನಿನಲ್ಲಿ ದೊಡ್ಡ ಬ್ಲೇಡಿನ ಮುಂದೆ ಇರುವ ಸ್ಕೋರಿಂಗ್ ಬ್ಲೇಡು ಕೆಳಮೈಯನ್ನು ಮೊದಲೇ ಗೀರಿ ಇಡುವುದರಿಂದ ಅಂಚು ನೇರವಾಗಿ ಬರುತ್ತದೆ. ಆ ಅಂಚನ್ನು ಮುಚ್ಚುವ ಪಟ್ಟಿಯನ್ನು ಕೈಯಿಂದ ಅಂಟಿಸುವುದಕ್ಕೂ ಎಡ್ಜ್ ಬ್ಯಾಂಡಿಂಗ್ ಮೆಷಿನ್ನಿನಲ್ಲಿ ಬಿಸಿ ಅಂಟಿನಿಂದ ಒತ್ತಿಸುವುದಕ್ಕೂ ಬಾಳಿಕೆಯಲ್ಲಿ ಬಹಳ ಅಂತರ. ಅಡುಗೆಮನೆಗೆ ಪಿಯುಆರ್ (ಪಾಲಿಯುರೆಥೇನ್) ಅಂಟು ಇನ್ನೂ ಉತ್ತಮ, ಅದು ಗಟ್ಟಿಯಾದ ಮೇಲೆ ಬಿಸಿಗೂ ತೇವಕ್ಕೂ ಸುಲಭವಾಗಿ ಬಿಡುವುದಿಲ್ಲ.

ಕೊಳ್ಳುವವರು ಕೇಳಬೇಕಾದ್ದು ಇಷ್ಟೇ. ಹಲಗೆಯ ಮೇಲೆ ಐಎಸ್‌ಐ ಗುರುತು ಇದೆಯೇ? ಪ್ರಿಲ್ಯಾಮ್ ಪಾರ್ಟಿಕಲ್ ಬೋರ್ಡಿಗೆ ಐಎಸ್ 12823, ಪ್ರಿಲ್ಯಾಮ್ ಎಂಡಿಎಫ್‌ಗೆ ಐಎಸ್ 14587, ಮರೈನ್ ಪ್ಲೈವುಡ್‌ಗೆ ಐಎಸ್ 710. ಎರಡೂ ಬದಿಗೆ ಹೊದಿಕೆ ಇದೆಯೇ? 'ಇ1' ದರ್ಜೆಯೇ? ಸಿಂಕಿನ ಕೆಳಗೆ ಯಾವ ಹಲಗೆ ಹಾಕುತ್ತೀರಿ? ಹಿಂಬದಿ, ತಳ, ಕೀಲು ಕೂರಿಸಲು ಕೊರೆದ ತೂತು, ಎಲ್ಲ ಅಂಚನ್ನೂ ಮುಚ್ಚುತ್ತೀರಾ? ಬಣ್ಣವೊಂದನ್ನೇ ಕೇಳುವ ಗಿರಾಕಿಗೆ ಬಣ್ಣವೊಂದನ್ನೇ ಮಾರುತ್ತಾರೆ. ಅಂಚಿನ ಬಗ್ಗೆ ಕೇಳುವವರು ಹೆಚ್ಚಾದರೆ ಅಂಗಡಿಯವರು ಅದನ್ನೇ ಕಾರ್ಖಾನೆಯವರಿಗೂ ಕೇಳಬೇಕಾಗುತ್ತದೆ. ತುಮಕೂರು ರಸ್ತೆಯಲ್ಲಿ ನಡೆದ ಸಂಶೋಧನೆ ಗೋವಿಂದರಾಜನಗರದ ಅಡುಗೆಮನೆ ತಲುಪಲು ಆ ಕೇಳಿಕೆಗಿಂತ ಹತ್ತಿರದ ದಾರಿಯಿಲ್ಲ.