ಬೇಲಂ: ಕಲ್ಲು ಕರಗಿದ ಗುಹೆಯಲ್ಲಿ ಒಂದು ದಿನ

ಅಪರಾತ್ರಿಯನ್ನು ನಮ್ಮ ಹಿರಿಯರು ‘ಕಲ್ಲು ನೀರು ಕರಗುವ ಹೊತ್ತು’ ಎನ್ನುತ್ತಿದ್ದರು. ಕಲ್ಲೂ ಕರಗುವುದುಂಟೇ ಎಂದು ಚಿಕ್ಕಂದಿನಲ್ಲಿ ನನಗೆ ಆಶ್ಚರ್ಯವಾಗುತ್ತಿತ್ತು. ಹೊಸೂರಿನಲ್ಲಿ ಬೆಳೆದವರಿಗೆ ಈ ಸಂದೇಹ ಬರುವುದು ಸಹಜವೇ. ಊರಿನ ನೆತ್ತಿಯ ಮೇಲೆ ಚಂದ್ರಚೂಡೇಶ್ವರನ ಬೆಟ್ಟ; ಕೃಷ್ಣಗಿರಿಯತ್ತ ಹೊರಟರೆ ಬೋಳು ಗುಡ್ಡಗಳು, ಲಾರಿಯ ಮೇಲೆ ಸಾಗುವ ಗ್ರಾನೈಟ್ ದಿಮ್ಮಿಗಳು. ಎಷ್ಟು ಮಳೆ ಸುರಿದರೂ ಈ ಬಂಡೆಗಳ ಮೇಲಿನ ನೀರು ಜಾರಿ ಹೋಗುತ್ತದೆ. ಬಂಡೆ ಹಾಗೆಯೇ ಉಳಿಯುತ್ತದೆ. ಆದ್ದರಿಂದಲೇ ನಮ್ಮ ಕಡೆ ಬಂಡೆಗಳ ಸಂದಿನಲ್ಲಿ ಸಣ್ಣ ಗವಿಗಳಿವೆ. ನೆಲದೊಳಗೆ ಮೈಲಿಗಟ್ಟಲೆ ಹಬ್ಬಿದ ಗುಹೆಗಳಿಲ್ಲ.

ಕಲ್ಲು ನಿಜವಾಗಿಯೂ ಕರಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡದ್ದು ಆಂಧ್ರಪ್ರದೇಶದ ಬೇಲಂ ಗುಹೆಗಳಲ್ಲಿ. ಮಕ್ಕಳ ರಜೆಯಲ್ಲಿ ತಾಯಿಯವರನ್ನೂ ಕರೆದುಕೊಂಡು ಮನೆಮಂದಿಯೆಲ್ಲ ಹೋಗಿಬಂದೆವು. ಆ ಅನುಭವವನ್ನು ಓದುಗ ಬಂಧುಗಳೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ಅಡುಗೆಮನೆಯಲ್ಲೇ ಇರುವ ಪಾಠ

ಬೇಲಂ ಗುಹೆಗಳು ಇರುವುದು ಸುಣ್ಣದ ಕಲ್ಲಿನಲ್ಲಿ. ಈ ಕಲ್ಲು ನಮ್ಮ ಗೃಹಿಣಿಯರಿಗೆ ಅಪರಿಚಿತವಲ್ಲ. ಅಡುಗೆಮನೆಯ ಕಟ್ಟೆಗೂ ಗೋಡೆಯ ಹಲಗೆಗಳಿಗೂ ಹಾಕಿಸುವ ಕಡಪ ಕಲ್ಲು ಇದೇ ಜಾತಿಯದು. ಅದರ ಮೇಲೆ ನಿಂಬೆಹಣ್ಣು ಹೆಚ್ಚಿ ಒರೆಸಲು ಮರೆತರೆ ಮರುದಿನ ಅಲ್ಲೊಂದು ಬೆಳ್ಳನೆಯ ಮಚ್ಚೆ ಕಾಣುತ್ತದೆ. ಎಷ್ಟು ತಿಕ್ಕಿದರೂ ಹೋಗದು. ಅದು ಕೊಳೆಯಲ್ಲ, ಹುಳಿಗೆ ಕಲ್ಲಿನ ಮೈ ಕರಗಿದ ಗುರುತು. ಗ್ರಾನೈಟ್ ಕಟ್ಟೆಯ ಮೇಲೆ ಹೀಗಾಗುವುದಿಲ್ಲ.

ಗುಹೆಯನ್ನು ಕೊರೆದದ್ದೂ ಇಂತಹ ಹುಳಿಯೇ. ಮಳೆಯ ನೀರು ಗಾಳಿಯಿಂದ ಸ್ವಲ್ಪ, ಮಣ್ಣಿನಿಂದ ಹೆಚ್ಚಾಗಿ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ಬಹು ಸೌಮ್ಯವಾದ ಆಮ್ಲವಾಗುತ್ತದೆ. ನಾವು ಕುಡಿಯುವ ಸೋಡಾದಲ್ಲಿ ಇರುವುದೂ ಅದೇ. ಈ ನೀರು ಸುಣ್ಣದ ಕಲ್ಲಿನ ಬಿರುಕುಗಳಲ್ಲಿ ಇಳಿದು, ಕಲ್ಲನ್ನು ತುಸು ತುಸುವೇ ಕರಗಿಸಿ ಒಯ್ಯುತ್ತದೆ. ಕೂದಲೆಳೆಯಷ್ಟಿದ್ದ ಬಿರುಕು ಸಾವಿರಾರು ವರ್ಷಗಳಲ್ಲಿ ಓಣಿಯಾಗುತ್ತದೆ, ಓಣಿ ಹಜಾರವಾಗುತ್ತದೆ.

ಕರಗಿದ ಸುಣ್ಣ ಎಲ್ಲಿ ಹೋಯಿತು? ಅದರಲ್ಲಿ ಸ್ವಲ್ಪ ಭಾಗ ಗುಹೆಯಲ್ಲೇ ಮತ್ತೆ ಕಲ್ಲಾಗುತ್ತದೆ. ಚಾವಣಿಯಿಂದ ತೊಟ್ಟಿಕ್ಕುವ ಹನಿ ಗುಹೆಯ ಗಾಳಿಗೆ ಸೋಕಿದಾಗ ಅದರಲ್ಲಿದ್ದ ಅನಿಲ ಹಾರಿಹೋಗಿ, ಸುಣ್ಣ ಅಲ್ಲೇ ಅಂಟಿಕೊಳ್ಳುತ್ತದೆ. ಹೀಗೆ ಮೇಲಿನಿಂದ ಕಲ್ಲಿನ ಜಡೆ ಇಳಿಯುತ್ತದೆ. ಹನಿ ಬಿದ್ದ ಜಾಗದಲ್ಲಿ ಕಲ್ಲಿನ ಮೊಳಕೆ ಮೇಲೇಳುತ್ತದೆ. ಒಂದು ಸೆಂಟಿಮೀಟರಿನಷ್ಟು ಬೆಳೆಯಲು ಎಷ್ಟೋ ಕಡೆ ನೂರು ವರ್ಷ ಬೇಕು. ನಮ್ಮ ಮುತ್ತಜ್ಜನ ಕಾಲದಿಂದ ಇಂದಿನವರೆಗೆ ಬೆಳೆದದ್ದು ಬೆರಳಿನ ಉಗುರಿನಷ್ಟು!

ಬೆಟ್ಟವಿಲ್ಲದ ಗುಹೆ

ಹೊಸೂರಿನಿಂದ ಬೆಂಗಳೂರು ದಾಟಿ ಹೈದರಾಬಾದ್ ಹೆದ್ದಾರಿ ಹಿಡಿದರೆ ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ನಂತರ ಪೆನುಕೊಂಡ ಸಿಗುತ್ತದೆ. ಅಲ್ಲಿಯ ಬಸದಿಯಲ್ಲಿ ಹಸಿರು ಕಲ್ಲಿನ ಪಚ್ಚೆ ಪಾರ್ಶ್ವನಾಥ ಸ್ವಾಮಿಯ ದರ್ಶನ ಮಾಡಿಕೊಂಡೇ ಮುಂದೆ ಹೋಗತಕ್ಕದ್ದು. ಅನಂತಪುರದಿಂದ ತಾಡಿಪತ್ರಿಗೆ ತಿರುಗಿದರೆ ರಸ್ತೆಯ ಬದಿಯಲ್ಲಿ ಚಪ್ಪಡಿ ಕಲ್ಲಿನ ರಾಶಿಗಳು ಕಾಣಲಾರಂಭಿಸುತ್ತವೆ. ತಾಡಿಪತ್ರಿಯಿಂದ ಬೇಲಂ ಸುಮಾರು 30 ಕಿ.ಮೀ. ದೂರ. ಕೊಲಿಮಿಗುಂಡ್ಲ ಮಂಡಲದ ಈ ಗ್ರಾಮ ಮೊದಲು ಕರ್ನೂಲು ಜಿಲ್ಲೆಯಲ್ಲಿತ್ತು. 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದೆ.

ಗುಹೆಯೆಂದರೆ ಬೆಟ್ಟ ಹತ್ತಬೇಕೆಂದು ಮಂಡಿನೋವಿನ ತಾಯಿಯವರು ಹಿಂದೇಟು ಹಾಕಿದ್ದರು. ಅಲ್ಲಿ ನೋಡಿದರೆ ಸುತ್ತ ಬಯಲು! “ಅಜ್ಜಿ, ಗುಹೆ ಎಲ್ಲಿ?” ಎಂದು ಮಕ್ಕಳು ಕೇಳುತ್ತಿರುವಾಗಲೇ ಕಾಲ ಬಳಿ ದೊಡ್ಡ ಬಾವಿಯಂತಹ ಕುಳಿ ಕಾಣಿಸಿತು. ಅದರೊಳಗೆ ಮೆಟ್ಟಿಲಿಳಿದು ಹೋಗಬೇಕು. ಸಂಸ್ಕೃತದ ‘ಬಿಲ’ ಎಂಬ ಪದವೇ ಬೇಲಂ ಆಯಿತೆಂದು ಹೇಳುವುದು ಸುಮ್ಮನಲ್ಲ.

ಗುಹೆಯ ಒಟ್ಟು ಉದ್ದ 3229 ಮೀಟರ್. ಅದರಲ್ಲಿ ಸುಮಾರು ಒಂದೂವರೆ ಕಿ.ಮೀ. ದೂರ ದೀಪ, ಕಾಲುದಾರಿಗಳ ವ್ಯವಸ್ಥೆ ಮಾಡಿ ಪ್ರವಾಸಿಗರಿಗೆ ತೆರೆದಿದ್ದಾರೆ. ಒಳಗೆ ಗಾಳಿ ಊದುವ ಏರ್ಪಾಡೂ ಇದೆ. ಆದರೂ ಸೆಕೆಯೇ ಸೆಕೆ. ಹತ್ತು ನಿಮಿಷದಲ್ಲಿ ಮೈಯೆಲ್ಲ ಬೆವರು. ಕಪ್ಪು ಕಲ್ಲಿನ ಗೋಡೆಗಳನ್ನು ನೀರು ಎಷ್ಟು ನುಣುಪಾಗಿ ತಿದ್ದಿದೆಯೆಂದರೆ, ಹಿಟ್ಟಿನ ಮುದ್ದೆಯ ಮೇಲೆ ಕೈಯಾಡಿಸಿದಂತೆ ಕಾಣುತ್ತದೆ. ಒಂದೆಡೆ ಕಲ್ಲು ಸಿಂಹದ ತಲೆಯಂತಿದೆ, ಅದು ಸಿಂಹದ್ವಾರ. ಒಂದೆಡೆ ಆಲದ ಬಿಳಲುಗಳು ಇಳಿಬಿದ್ದಂತಿವೆ. ಕೋಟಿಲಿಂಗಾಲು ಎಂಬಲ್ಲಿ ಲಿಂಗಾಕಾರದ ಸಾವಿರಾರು ಕಲ್ಲುಗಳು. ಇನ್ನೊಂದೆಡೆ ಹೆಡೆಯೆತ್ತಿದ ಸಾವಿರ ಹಾವುಗಳಂತಹ ಚಾವಣಿ. ಕಟ್ಟಕಡೆಗೆ ಪಾತಾಳಗಂಗೆ. ನೆಲಮಟ್ಟದಿಂದ 46 ಮೀಟರ್ ಆಳದಲ್ಲಿ ಸಣ್ಣದೊಂದು ತೊರೆ ಕಾಣಿಸಿಕೊಂಡು, ಮತ್ತೆ ಕಲ್ಲಿನೊಳಗೆ ಮಾಯವಾಗುತ್ತದೆ. ಇಡೀ ಗುಹೆಯನ್ನು ಕಟ್ಟಿದ ಮೇಸ್ತ್ರಿ ಇದೇ ನೀರೆಂದು ನೆನೆದಾಗ ಮಾತು ಹೊರಡುವುದಿಲ್ಲ.

ಸಪ್ತಸ್ವರಗಳ ಗುಹೆಯಲ್ಲಿ ಮಾತ್ರ ಮನಸ್ಸಿಗೆ ಕೊಂಚ ಕಸಿವಿಸಿಯಾಯಿತು. ಅಲ್ಲಿಯ ಇಳಿಗಲ್ಲುಗಳನ್ನು ತಟ್ಟಿದರೆ ಲೋಹದಂತೆ ನಾದ ಬರುತ್ತದೆ. ಮುಂದಿದ್ದವರು ತಟ್ಟಿದರು, ಹಿಂದಿದ್ದವರೂ ತಟ್ಟಿದರು. ನಮ್ಮ ಹುಡುಗನೂ ಕೈ ಚಾಚಿದ. ತಾಯಿಯವರು ಅವನ ಕೈ ಹಿಡಿದು, “ಎಲ್ಲರೂ ಒಂದೊಂದು ಸಲ ಹೊಡೆದರೆ ಅದಕ್ಕೆ ಎಷ್ಟು ಏಟು ಬಿತ್ತು, ಲೆಕ್ಕ ಹಾಕು ಮಗು” ಎಂದರು. ಅವನು ಬೆರಳು ಮಡಿಚಿ ಎಣಿಸಲು ಹೋಗಿ, ಲೆಕ್ಕ ಸಿಗದೆ ಕೈ ಹಿಂದಕ್ಕೆಳೆದುಕೊಂಡ.

ಕಸದ ಗುಂಡಿಯಾಗಿದ್ದ ಕಾಲ

ಈ ಗುಹೆಯನ್ನು 1884ರಲ್ಲಿ ಲೋಕಕ್ಕೆ ತಿಳಿಸಿದವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಆಮೇಲೆ ಸುಮಾರು ನೂರು ವರ್ಷ ಅದನ್ನು ಕೇಳುವವರಿರಲಿಲ್ಲ. 1982 ಮತ್ತು 1983ರಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಒಳಹೊಕ್ಕು ಅಳತೆ ಮಾಡಿ ನಕ್ಷೆ ತಯಾರಿಸಿತು. 1985ರಲ್ಲಿ ಸರ್ಕಾರ ಇದನ್ನು ಸಂರಕ್ಷಿತ ಸ್ಥಳವೆಂದು ಘೋಷಿಸಿತು.

ಆದರೆ ಆ ಕಾಲಕ್ಕೂ ಸುತ್ತಲಿನ ಕಸ ಬೀಳುತ್ತಿದ್ದುದು ಈ ಕುಳಿಗೇ! 1988ರ ಸುಮಾರಿನವರೆಗೆ ಹೀಗೆಯೇ ನಡೆಯಿತು. ಅದನ್ನು ನಿಲ್ಲಿಸಿ ಗುಹೆಯನ್ನು ಉಳಿಸಬೇಕೆಂದು ಪಟ್ಟುಹಿಡಿದವರು ಊರಿನ ಸುತ್ತಲಿನ ಜನರೇ. ಅವರಲ್ಲಿ ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರೂ ಇದ್ದರು. 1999ರಲ್ಲಿ ಆಂಧ್ರಪ್ರದೇಶದ ಪ್ರವಾಸೋದ್ಯಮ ಅಭಿವೃದ್ಧಿ ಸಂಸ್ಥೆ ಗುಹೆಯನ್ನು ವಹಿಸಿಕೊಂಡು, ಕೆಸರು ಕಸ ತೆಗೆಸಿ, 2002ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ನೀರು ಲಕ್ಷಾಂತರ ವರ್ಷ ದುಡಿದು ಕಟ್ಟಿದ್ದನ್ನು ನಾವು ತಿಪ್ಪೆಯಾಗಿಸಲು ಕೆಲವು ವರ್ಷಗಳೇ ಸಾಕಾದವು. ಅದನ್ನು ಮತ್ತೆ ತೊಳೆದವರೂ ನಮ್ಮಂತಹ ಸಾಮಾನ್ಯರೇ ಎಂಬುದೊಂದು ಸಮಾಧಾನ.

ಮುನಿಗಳ ನಾಡು

ಹಿಂದೆ ಬೌದ್ಧ ಮತ್ತು ಜೈನ ಮುನಿಗಳು ಈ ಗುಹೆಯಲ್ಲಿ ನೆಲೆಸಿದ್ದರೆಂದು ಅಲ್ಲಿ ಹೇಳುತ್ತಾರೆ. ಧ್ಯಾನ ಮಂದಿರವೆಂದು ಹೆಸರಾದ ಭಾಗವೂ ಇದೆ. ಈ ಸೀಮೆಗೆ ಜೈನರ ಸಂಬಂಧ ಹೊಸದಲ್ಲ. ಕುಂದಕುಂದಾಚಾರ್ಯರ ಹುಟ್ಟೂರೆಂದು ಪರಂಪರೆ ಹೇಳುವ ಕೊನಕೊಂಡ್ಲ ಇರುವುದು ಅನಂತಪುರ ಜಿಲ್ಲೆಯಲ್ಲಿ. ಕಡಪ ಜಿಲ್ಲೆಯ ದಾನವುಲಪಾಡಿನಲ್ಲಿ, ಪೆನ್ನಾ ನದಿಯ ದಂಡೆಯ ಮೇಲೆ, ರಾಷ್ಟ್ರಕೂಟರ ಕಾಲದ ಜಿನಾಲಯದ ಅವಶೇಷಗಳು ದೊರೆತಿವೆ. ದೊರೆ ಮೂರನೆಯ ಇಂದ್ರ ಮತ್ತು ಅವನ ದಂಡನಾಯಕ ಶ್ರೀವಿಜಯರ ಹೆಸರು ಅಲ್ಲಿಯ ಶಾಸನಗಳಲ್ಲಿದೆ.

ಮುನಿಗಳು ಗುಹೆಯನ್ನು ಅರಸಿದ್ದೇಕೆ? ಕಟ್ಟಿಸುವ ಆರಂಭವಿಲ್ಲ, ಇದು ನನ್ನದೆಂಬ ಮಮತೆಯಿಲ್ಲ. ಇದ್ದಷ್ಟು ದಿನ ಇದ್ದು, ಹೊರಟಾಗ ಗುರುತೂ ಉಳಿಸದೆ ಹೋಗಬಹುದು. ಈಗಿನ ಪ್ರವಾಸಿಗರಾದ ನಾವು ಒಂದು ಗಂಟೆಗೆಂದು ಹೋಗಿ ಗೋಡೆಯ ಮೇಲೆ ಹೆಸರು ಗೀಚಿ ಬರುತ್ತೇವೆ!

ಗುಹೆಯ ತಾಯಿ ಕಾಡು

ಗುಹೆಯನ್ನು ಕಟ್ಟುವ ನೀರಿಗೆ ಹುಳಿ ಬರುವುದು ಬಹುಪಾಲು ಮಣ್ಣಿನಿಂದ ಎಂದೆನಷ್ಟೆ. ಮಣ್ಣಿಗೆ ಆ ಶಕ್ತಿ ಕೊಡುವುದು ಬೇರುಗಳು, ಕೊಳೆಯುವ ಎಲೆಗಳು, ಕಣ್ಣಿಗೆ ಕಾಣದ ಜೀವಿಗಳು. ಆದ್ದರಿಂದ ಮಳೆಕಾಡಿನ ನಡುವಿನ ಗುಹೆಗಳು ಇಂದಿಗೂ ಬೆಳೆಯುತ್ತಿವೆ. ಕರ್ನಾಟಕದಲ್ಲೇ ದಾಂಡೇಲಿಯ ಬಳಿ, ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡಿನಲ್ಲಿ, ಕವಳಾ ಗುಹೆಯಿದೆ. ಅಲ್ಲಿ ಹನಿ ನೀರಿನಿಂದಲೇ ಮೂಡಿದ ಕಲ್ಲನ್ನು ಶಿವಲಿಂಗವೆಂದು ಪೂಜಿಸುತ್ತಾರೆ.

ಇನ್ನೂ ದೊಡ್ಡ ಉದಾಹರಣೆ ಮಲೇಷಿಯಾದ ಸರಾವಾಕ್ ರಾಜ್ಯದ ಗುನುಂಗ್ ಮುಲು ರಾಷ್ಟ್ರೀಯ ಉದ್ಯಾನ. 2000ದಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ‘ಜಿಂಕೆ ಗುಹೆ’ಯ ಚಾವಣಿ ನೂರು ಮೀಟರಿಗೂ ಎತ್ತರ, ಸಂಜೆಯಾದರೆ ಇಪ್ಪತ್ತು ಮೂವತ್ತು ಲಕ್ಷ ಬಾವಲಿಗಳು ಹೊಗೆಯ ಸುರುಳಿಯಂತೆ ಹೊರಬರುತ್ತವೆ. ಪ್ರವಾಸಿಗರು ಹಾಕಿಕೊಟ್ಟ ಹಲಗೆ ದಾರಿಯ ಮೇಲೆ, ಮಾರ್ಗದರ್ಶಿಯ ಜೊತೆಯಲ್ಲಿ ನಡೆಯಬೇಕು. ಮೇಲಿನ ಕಾಡು ಹೋದರೆ ಒಳಗಿನ ಹನಿಯ ಗುಣವೂ ಬದಲಾಗುತ್ತದೆಂದು ಬಲ್ಲವರು ಕಾಡನ್ನೂ ಗುಹೆಯನ್ನೂ ಒಂದಾಗಿಯೇ ಕಾಪಾಡಿದ್ದಾರೆ.

ಹನಿಗಲ್ಲು ವ್ಯಾಪಾರಿಯ ಖಾತೆ ಪುಸ್ತಕವಿದ್ದಂತೆ. ಪದರ ಪದರವಾಗಿ ಮಳೆಯ ಲೆಕ್ಕವನ್ನು ಬರೆದಿಡುತ್ತದೆ. ಮೇಘಾಲಯದ ಮಾವ್‌ಮ್ಲೂ ಗುಹೆಯ ಇಂತಹ ಒಂದು ಕಲ್ಲು, ಸುಮಾರು 4200 ವರ್ಷಗಳ ಹಿಂದೆ ಮಳೆ ಕೈಕೊಟ್ಟ ಕಾಲವನ್ನು ಸ್ಪಷ್ಟವಾಗಿ ತೋರಿಸಿತು. ಅದರ ಆಧಾರದ ಮೇಲೆ 2018ರಲ್ಲಿ ವಿಜ್ಞಾನಿಗಳು ಅಂದಿನಿಂದ ಇಂದಿನವರೆಗಿನ ಭೂಯುಗಕ್ಕೆ ‘ಮೇಘಾಲಯನ್’ ಎಂದೇ ಹೆಸರಿಟ್ಟರು. ನೆನಪಿಗೆಂದು ತುಂಡು ಮುರಿದು ತರುವವನು ಆ ಪುಸ್ತಕದ ಹಾಳೆಯನ್ನೇ ಹರಿದಂತಾಯಿತು.

ಮುಟ್ಟದೆ ನೋಡುವುದು

ಮುರಿಯುವುದಿರಲಿ, ಮುಟ್ಟಿದರೂ ಸಾಕು. ಅಂಗೈಯ ಜಿಡ್ಡು ಅಂಟಿದ ಕಡೆ ಸುಣ್ಣ ಸರಿಯಾಗಿ ಕೂರುವುದಿಲ್ಲ. ಬೆಳವಣಿಗೆ ಅಲ್ಲಿಗೇ ನಿಲ್ಲಬಹುದು. ಉಸಿರೂ ನಿರಪಾಯವಲ್ಲ. ಫ್ರಾನ್ಸ್ ದೇಶದ ಲಾಸ್ಕೋ ಗುಹೆಯ ಪುರಾತನ ಚಿತ್ರಗಳು ಜನಸಂದಣಿಯ ಉಸಿರಿನಿಂದ ಕೆಡತೊಡಗಿ, 1948ರಲ್ಲಿ ತೆರೆದ ಗುಹೆಯನ್ನು 1963ರಲ್ಲಿ ಮುಚ್ಚಬೇಕಾಯಿತು.

ಮಣ್ಣು ಕಲ್ಲುಗಳಲ್ಲಿ ಪೃಥ್ವೀಕಾಯ, ನೀರಿನಲ್ಲಿ ಅಪ್ಕಾಯ ಜೀವಗಳಿವೆಯೆಂದು ಮಕ್ಕಳಿಗೆ ಪಾಠಶಾಲೆಯಲ್ಲಿ ಕಲಿಸುತ್ತೇವೆ. ಅವರು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಬೇಲಂ ಗುಹೆಯಲ್ಲಿ ಅರ್ಧ ದಿನ ಕಳೆದರೆ ಆ ಪಾಠ ಕಣ್ಣಿಗೇ ಕಾಣುತ್ತದೆ. ಬೇಕೆನಿಸಿದರೂ ಕೈ ಚಾಚದಿರುವ ಸಂಯಮವನ್ನು ಅಲ್ಲಿ ಕಲಿತ ಮಗು ಹೊರಗೂ ಅದನ್ನು ಮರೆಯಲಾರದು.

ಹೋಗುವವರಿಗೆ ಎರಡು ಮಾತು: ಬೇಸಿಗೆಗಿಂತ ಚಳಿಗಾಲದ ದಿನಗಳು ಉತ್ತಮ. ಹತ್ತಿಯ ಬಟ್ಟೆ, ಜಾರದ ಪಾದರಕ್ಷೆ, ಶೋಧಿಸಿದ ನೀರು, ಮನೆಯ ಬುತ್ತಿ ಜೊತೆಗಿರಲಿ. ಬುತ್ತಿಯನ್ನು ಹೊರಗೆ ಮರದ ನೆರಳಿನಲ್ಲಿ ಬಿಚ್ಚಿರಿ. ಕೆಲವು ಕಡೆ ಬಗ್ಗಿ ಸಾಗಬೇಕಾದ್ದರಿಂದ ಉಬ್ಬಸ, ಹೃದಯದ ತೊಂದರೆ ಇರುವವರು ಆಳಕ್ಕೆ ಹೋಗದಿರುವುದು ಕ್ಷೇಮ. ಬೆಳಿಗ್ಗೆ ಬೇಗ ಒಳಹೊಕ್ಕರೆ ಗದ್ದಲ ಕಡಿಮೆ. ಆಗ ಸ್ವಲ್ಪ ಹೊತ್ತು ಮಾತು ನಿಲ್ಲಿಸಿ ನಿಂತರೆ ಎಲ್ಲೋ ಒಂದು ಹನಿ ಬೀಳುವುದು ಕೇಳಿಸೀತು. ಅದಕ್ಕೆ ಅಡ್ಡಿಯಾಗದಂತೆ ನೋಡಿ ಬನ್ನಿ.