ಎರಡು ಕ್ಯಾಮೆರಾ ದೂರ ಅಳೆಯುವ ಬಗೆ

ಒಂದೇ ಫೋಟೊ ನೋಡಿ ದೂರ ಅಳೆಯುವುದು ಕಷ್ಟ. ಹತ್ತಿರದ ಚಿಕ್ಕ ಡಬ್ಬವೂ ದೂರದ ದೊಡ್ಡ ಡಬ್ಬವೂ ಅದರಲ್ಲಿ ಒಂದೇ ಗಾತ್ರಕ್ಕೆ ಕಾಣಬಹುದು. ಹೀಗಾಗಿ ಸ್ಟೀರಿಯೊ ವಿಧಾನದಲ್ಲಿ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ಜೋಡಿಸುತ್ತಾರೆ.

ಎಡಚಿತ್ರದ ಪ್ರತಿ ಬಿಂದುವಿಗೂ ಬಲಚಿತ್ರದಲ್ಲಿ ಅದರ ಜೋಡಿಯನ್ನು ಕಂಪ್ಯೂಟರ್ ಹುಡುಕುತ್ತದೆ. ಬಿಂದು ಪಕ್ಕಕ್ಕೆ ಎಷ್ಟು ಸರಿದಿದೆಯೋ ಅದೇ ಡಿಸ್ಪ್ಯಾರಿಟಿ. ವಸ್ತು ಹತ್ತಿರವಿದ್ದಷ್ಟೂ ಅದು ಹೆಚ್ಚು.

ಲೆನ್ಸಿನ ಫೋಕಲ್ ಲೆಂತನ್ನು (ಸಂಗಮದೂರ) ಕ್ಯಾಮೆರಾಗಳ ನಡುವಿನ ಅಂತರದಿಂದ ಗುಣಿಸಿ, ಡಿಸ್ಪ್ಯಾರಿಟಿಯಿಂದ ಭಾಗಿಸಿದರೆ ದೂರ ಸಿಗುತ್ತದೆ. ಫೋಕಲ್ ಲೆಂತ್ 700 ಪಿಕ್ಸೆಲ್, ಅಂತರ 10 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಬಿಂದು 35 ಪಿಕ್ಸೆಲ್ ಸರಿದಾಗ ದೂರ 2 ಮೀಟರ್. 7 ಪಿಕ್ಸೆಲ್ ಸರಿದಾಗ 10 ಮೀಟರ್.

ಒಂದೇ ಪಿಕ್ಸೆಲ್ ತಪ್ಪಿದರೆ 2 ಮೀಟರಿನಲ್ಲಿ ಸುಮಾರು 6 ಸೆಂಟಿಮೀಟರ್ ವ್ಯತ್ಯಾಸ. 10 ಮೀಟರಿನಲ್ಲಿ ಒಂದು ಮೀಟರಿಗೂ ಹೆಚ್ಚು. ಬೋಳು ಬಿಳಿ ಗೋಡೆಯಲ್ಲಂತೂ ಜೋಡಿ ಬಿಂದು ಸಿಗುವುದೇ ಕಷ್ಟ. ಅಲ್ಲಿ ಕೆಲವು ಕ್ಯಾಮೆರಾಗಳು ಇನ್‌ಫ್ರಾರೆಡ್ ಚುಕ್ಕೆಗಳನ್ನು ಚೆಲ್ಲಿ ಗುರುತು ಮಾಡಿಕೊಳ್ಳುತ್ತವೆ.